ಆಲ್ವಾರಿಸ್ ಪಾದ್ರಿಗಳ ವೈರಾಗ್ಯ

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಸೀಮೆಯು ಪೂರ್ವದಿಂದಲೂ ಹಲವು ಮತಗಳಿಗೆ ಆಶ್ರಯವಿತ್ತ ಭೂಮಿಯಾಗಿರುವುದು. ತುಂಗಾತೀರದಲ್ಲಿ ಶಾರದಾಪೀಠವಿದೆ, ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯಿದೆ. ಎಡೆಹಳ್ಳಿಯೆಂಬ ಹಳೆಯ ಹೆಸರನ್ನು ಬಿಟ್ಟು 1915ರಲ್ಲಿ ಯುವರಾಜರ ಹೆಸರನ್ನು ಧರಿಸಿದ ನರಸಿಂಹರಾಜಪುರದ ಸುತ್ತಣ ಗ್ರಾಮಗಳಲ್ಲಿ ಮಲೆಯಾಳ ದೇಶದಿಂದ ಬಂದು ನೆಲೆಸಿದ ಕ್ರೈಸ್ತ ಕೃಷಿಕರ ಮನೆಗಳು ಅನೇಕವಾಗಿರುವುವು. ಅವರು ತಂದ ಮರಗೆಣಸೂ ರಬ್ಬರೂ ನಮ್ಮ ಮಣ್ಣಿನಲ್ಲಿ ಬೇರೂರಿದಂತೆ ಅವರ ಸಭೆಗಳೂ ಬೇರೂರಿವೆ. ಇಂತಹ ಒಂದು ಸಭೆಯಲ್ಲಿ ಬಹುಕಾಲ ಉಪದೇಶಕರಾಗಿದ್ದ ವೃದ್ಧರೊಬ್ಬರು ನನಗೆ ಪರಿಚಿತರು. ಅವರ ಮೊಮ್ಮಕ್ಕಳು ನನ್ನಲ್ಲಿ ಓದಿದವರು.

ಕೆಲವು ವರ್ಷಗಳ ಹಿಂದೆ ಅವರು ಒಂದು ಸಂಜೆ ನನ್ನ ಮನೆಗೆ ಬಂದು, ಜಗಲಿಯಲ್ಲಿ ಕುಳಿತು, ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಮೇಷ್ಟ್ರೇ, ಊರಿನಲ್ಲಿ ನನ್ನ ಅಣ್ಣ ತೀರಿಹೋದರು. ಸ್ಮಶಾನ ತಮ್ಮದೆಂದು ಎರಡು ಪಕ್ಷದವರು ಬಾಗಿಲಲ್ಲಿ ನಿಂತರು. ಜನ್ಮವೆಲ್ಲ ಶಾಂತಿಯನ್ನು ಬೋಧಿಸಿದ ನಾನು ಅಣ್ಣನ ಶವವನ್ನು ಮುಂದಿಟ್ಟುಕೊಂಡು ಪೊಲೀಸರ ದಾರಿ ಕಾದೆ. ಇನ್ನು ಯಾವ ಬಾಯಿಂದ ಉಪದೇಶ ಮಾಡಲಿ? ನಮ್ಮಲ್ಲಿ ಹೀಗೆ ಮನಸ್ಸು ಮುರಿದವರು ಹಿಂದೆ ಯಾರಾದರೂ ಇದ್ದರೋ?” ಎಂದು ಕೇಳಿದರು. ಇದ್ದರೆಂದು ಹೇಳಿ, ಆಗುಂಬೆಯ ಘಟ್ಟವನ್ನಿಳಿದು ಸೋಮೇಶ್ವರ, ಹೆಬ್ರಿಗಳ ಮಾರ್ಗವಾಗಿ ಹೋದರೆ ಸಿಕ್ಕುವ ಬ್ರಹ್ಮಾವರದ ಒಂದು ವೃತ್ತಾಂತವನ್ನು ಅವರಿಗೆ ತಿಳಿಸಿದೆನು. ಅದನ್ನೇ ಈಗ ವಾಚಕ ಮಹಾಶಯರ ಮುಂದಿಡುತ್ತೇನೆ.

ಈ ವೃತ್ತಾಂತವು ತಿಳಿಯಬೇಕಾದರೆ ಅದರ ಹಿಂದಿನ ವಿವಾದದ ಸ್ವರೂಪವನ್ನು ಮೊದಲು ಅರಿಯಬೇಕು. ಪೋರ್ಚುಗೀಸರು ಪೂರ್ವದೇಶಗಳಿಗೆ ಬಂದ ಕಾಲದಲ್ಲಿ ಅಲ್ಲಿನ ಇಗರ್ಜಿಗಳ ಪೋಷಣೆಯನ್ನೂ ಬಿಷಪ್ಪರ ನೇಮಕದಲ್ಲಿ ವಿಶೇಷವಾದ ಹಕ್ಕನ್ನೂ ರೋಮಿನ ಪೋಪರು ಆ ರಾಜ್ಯದ ಅರಸನಿಗೆ ಒಪ್ಪಿಸಿದ್ದರು. ಇದಕ್ಕೆ ಪದ್ರುವಾದೊ ಎಂದು ಹೆಸರು. ಕಾಲಕ್ರಮದಲ್ಲಿ ಪೋರ್ಚುಗಲ್ಲಿನ ಶಕ್ತಿಯು ಕುಂದಿತು. ಅತ್ತ 1622ರಲ್ಲಿ ಪೋಪರು ಮತಪ್ರಚಾರಕ್ಕಾಗಿ ‘ಪ್ರೊಪಗಾಂಡ’ ಎಂಬ ಮಂಡಲಿಯನ್ನು ಸ್ಥಾಪಿಸಿ, ತಾವೇ ನೇರವಾಗಿ ಪಾದ್ರಿಗಳನ್ನು ಕಳುಹಿಸತೊಡಗಿದರು. ಇದರಿಂದ ಒಂದೇ ಮತದೊಳಗೆ ಎರಡು ಅಧಿಕಾರಗಳು ಏರ್ಪಟ್ಟುವು. 1838ರಲ್ಲಿ ಪೋಪರು ಗೋವೆಯ ಹೊರಗಿನ ಪದ್ರುವಾದೊ ಅಧಿಕಾರವನ್ನು ಬಹುಮಟ್ಟಿಗೆ ರದ್ದುಗೊಳಿಸಿದಾಗ ಈ ಕಲಹವು ಉಲ್ಬಣಿಸಿತು. ಕನ್ನಡ ಜಿಲ್ಲೆಯ ಕ್ರೈಸ್ತರಲ್ಲಿ ಕೆಲವರು ಗೋವೆಯ ಆರ್ಚ್‌ಬಿಷಪ್ಪರಿಗೆ ನಿಷ್ಠರಾಗಿ ಉಳಿದರು. ಕೆಲವರು ಹೊಸ ಅಧಿಕಾರವನ್ನು ಒಪ್ಪಿದರು. ಪೂಜೆ ಒಂದೇ, ಮಂತ್ರ ಒಂದೇ, ಆಡುವ ಕೊಂಕಣಿಯೂ ಒಂದೇ. ಆದರೆ ಒಡೆಯರು ಮಾತ್ರ ಇಬ್ಬರು.

ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸರು ಗೋವೆಯ ವೆರ್ಣ ಗ್ರಾಮದಲ್ಲಿ 1836ರಲ್ಲಿ ಜನಿಸಿದರು. ಪಾದ್ರಿಗಳಾಗಿ ದೀಕ್ಷೆಯನ್ನು ಪಡೆದು, ದೀನರ ಸಹಾಯಕ್ಕಾಗಿ ಸಂಘವನ್ನು ಏರ್ಪಡಿಸಿ, ಜನರ ಪ್ರೀತಿಯನ್ನು ಸಂಪಾದಿಸಿದರು. ಅವರ ಲೇಖನಿಯು ತೀಕ್ಷ್ಣವಾಗಿದ್ದಿತು. ‘ಶಿಲುಬೆ’ ಎಂದೂ ‘ಸತ್ಯ’ ಎಂದೂ ಅರ್ಥಕೊಡುವ ಹೆಸರುಗಳ ಪೋರ್ಚುಗೀಸ್ ಪತ್ರಿಕೆಗಳನ್ನು ನಡೆಯಿಸಿ, ಸರಕಾರದ ಲೋಪಗಳನ್ನೂ ಇಗರ್ಜಿಯ ಅಧಿಕಾರಿಗಳ ಲೋಪಗಳನ್ನೂ ಸಮಾನವಾಗಿ ಖಂಡಿಸಿದರು. ಇದರ ಫಲವಾಗಿ ಪತ್ರಿಕೆಗಳಿಗೆ ನಿಷೇಧವೂ ಅವರಿಗೆ ಬಹಿಷ್ಕಾರವೂ ಪ್ರಾಪ್ತವಾದುವು.

1886ರ ಜೂನ್ ತಿಂಗಳಲ್ಲಿ ಹದಿಮೂರನೆಯ ಲಿಯೋ ಪೋಪರಿಗೂ ಪೋರ್ಚುಗಲ್ ದೊರೆಗೂ ಒಂದು ಒಡಂಬಡಿಕೆಯಾಯಿತು. ಗೋವೆಯ ಆಳ್ವಿಕೆಗೆ ಸೇರಿದ್ದ ಅನೇಕ ಇಗರ್ಜಿಗಳು ಇದರಿಂದ ಪ್ರೊಪಗಾಂಡದ ವಶಕ್ಕೆ ಹೋದುವು. ಕೊಲಂಬೊ ಮೊದಲಾದೆಡೆಗಳಲ್ಲಿಯೂ ನಮ್ಮ ಕರಾವಳಿಯ ಕಲ್ಯಾಣಪುರ, ಬ್ರಹ್ಮಾವರಗಳ ಕಡೆಯಲ್ಲಿಯೂ ಜನರು ಇದನ್ನು ಪ್ರತಿಭಟಿಸಿದರು. ತಮ್ಮ ಪೂರ್ವಿಕರು ಕಟ್ಟಿಸಿದ ಇಗರ್ಜಿಗಳನ್ನು ತಮ್ಮನ್ನು ಒಂದು ಮಾತೂ ಕೇಳದೆ, ರೋಮಿನಲ್ಲಿಯೂ ಲಿಸ್ಬನ್ನಿನಲ್ಲಿಯೂ ಕುಳಿತವರು ಹಂಚಿಕೊಂಡರೆಂಬುದೇ ಅವರ ದುಃಖವು. ಆ ಜನರ ಪಕ್ಷವನ್ನು ವಹಿಸಿದ ಆಲ್ವಾರಿಸರು ಕಟ್ಟಕಡೆಗೆ ರೋಮಿನ ಆಶ್ರಯವನ್ನೇ ತೊರೆದು, ಮಲಂಕರದ ಪ್ರಾಚೀನ ಸಿರಿಯನ್ ಸಭೆಯ ಬಾಗಿಲನ್ನು ತಟ್ಟಿದರು. ಅಂತಿಯೋಕ್ಯದ ಪಾತ್ರಿಯಾರ್ಕರ ಅನುಮತಿಯು ಬಂದಿತು. 1889ನೆಯ ಜುಲೈ 29ರಂದು ಕೋಟ್ಟಯಂ ಪಟ್ಟಣದ ಹಳೆಯ ಸೆಮಿನರಿಯಲ್ಲಿ ಅವರಿಗೆ ಬಿಷಪ್ ಪಟ್ಟವಾಗಿ, ‘ಮಾರ್ ಜೂಲಿಯಸ್’ ಎಂಬ ನಾಮಧೇಯವು ದೊರೆಯಿತು. ಪಟ್ಟವನ್ನು ಕೊಟ್ಟವರಲ್ಲಿ ಪರುಮಲದ ಮಾರ್ ಗ್ರಿಗೋರಿಯಸರೂ ಒಬ್ಬರು. ಇವರನ್ನು 1947ರಲ್ಲಿ ಆ ಸಭೆಯು ಸಂತರೆಂದು ಘೋಷಿಸಿತು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಕಲಹದಿಂದ ಬೇಸತ್ತ ಆಲ್ವಾರಿಸರು ಆಶ್ರಯವನ್ನರಸಿ ಹೊಕ್ಕ ಮನೆಯು ಕಲಹರಹಿತವಾಗಿದ್ದಿತೇ? ಇರಲಿಲ್ಲ. ಅದೇ ಸೆಮಿನರಿಯ ಒಡೆತನಕ್ಕಾಗಿ ಸಿರಿಯನ್ ಸಭೆಯ ಎರಡು ಪಕ್ಷಗಳು ವರ್ಷಾನುಗಟ್ಟಲೆ ವ್ಯಾಜ್ಯವಾಡಿ, ತಿರುವಾಂಕೂರಿನ ರಾಜನ್ಯಾಯಸ್ಥಾನದ ಕೊನೆಯ ತೀರ್ಪು ಬಂದುದು ಅದೇ ವರ್ಷದ ಅದೇ ಜುಲೈ ತಿಂಗಳಿನಲ್ಲಿ. ತೀರ್ಪಿನ ಶಾಯಿಯು ಆರುವ ಮೊದಲೇ ಆ ಕಟ್ಟಡದಲ್ಲಿ ಈ ಪಟ್ಟಾಭಿಷೇಕವು ನಡೆಯಿತು. ತರುವಾಯ ಗೆದ್ದ ಪಕ್ಷವೇ 1912ರ ಸುಮಾರಿಗೆ ಪಾತ್ರಿಯಾರ್ಕರ ಅಧಿಕಾರವನ್ನು ಕುರಿತು ಪುನಃ ಒಡೆಯಿತು. 1958ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಅನಂತರ ಒಂದಾಯಿತು. 1970ರ ದಶಕದಲ್ಲಿ ಮತ್ತೆ ಬೇರೆಯಾಯಿತು. 1995ರಲ್ಲಿಯೂ 2017ರಲ್ಲಿಯೂ ಅದೇ ನ್ಯಾಯಾಲಯವು ತೀರ್ಪುಗಳನ್ನು ಕೊಟ್ಟಿತು. ಹೆಣವನ್ನು ಹೂಳುವುದಕ್ಕೂ ತಡೆಯುಂಟಾಗುತ್ತಿದ್ದುದರಿಂದ ಕೇರಳದ ಶಾಸನಸಭೆಯು 2020ರಲ್ಲಿ ಸ್ಮಶಾನದ ಹಕ್ಕಿಗಾಗಿಯೇ ಒಂದು ಕಾಯಿದೆಯನ್ನು ಮಾಡಬೇಕಾಯಿತು. ನನ್ನ ವೃದ್ಧ ಮಿತ್ರರ ಕಣ್ಣೀರಿನ ಮೂಲವು ಇಷ್ಟು ಹಳೆಯದು.

ಮಾರ್ ಜೂಲಿಯಸರ ಪಕ್ಷದ ಮುಖ್ಯ ನೆಲೆಗಳಲ್ಲಿ ಬ್ರಹ್ಮಾವರವು ಒಂದು. ಅಲ್ಲಿ ಅವರಿಗೆ ಬಲಗೈಯಾಗಿ ನಿಂತವರು ಗೋವೆಯಿಂದ ಬಂದ ರೋಕ್ ಜೆಫ್ರಿನ್ ನೊರೋನ್ಹಾ ಎಂಬ ಪಾದ್ರಿಗಳು. ಇವರು 1936ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಸುಮಾರು ಅರ್ಧ ಶತಮಾನ, ಆ ಊರನ್ನು ಬಿಡದೆ ಜನರನ್ನು ಸಲಹಿದರು, ಶಾಲೆಯನ್ನೂ ನಡೆಯಿಸಿದರು. ಬ್ರಹ್ಮಾವರದ ಆ ಸಮಾಜವು ಇಂದಿಗೂ ಉಳಿದಿದ್ದು, ಸಿರಿಯನ್ ಕ್ರಮದ ಬಲಿಪೂಜೆಯನ್ನು ಕೊಂಕಣಿಯಲ್ಲಿ ಆಚರಿಸುವುದು.

ಚರಿತ್ರೆಯನ್ನು ಬರೆಯುವವನು ಸ್ತುತಿಪಾಠಕನಾಗಲಾಗದು. ಆಲ್ವಾರಿಸರಲ್ಲಿ ದೋಷಗಳಿದ್ದುವು. ಅವರ ಮಾತು ಹಲವು ವೇಳೆ ಗಾಯವನ್ನು ಮಾಡಿತು. 1892ರ ಮೇ ತಿಂಗಳಲ್ಲಿ ಅವರು ಕೊಲಂಬೊ ಪಟ್ಟಣದಲ್ಲಿ ರೆನೆ ವಿಲಾತ್ ಎಂಬ, ಫ್ರಾನ್ಸಿನಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಕೆಲಸಮಾಡುತ್ತಿದ್ದ ಪಾದ್ರಿಗೆ ಬಿಷಪ್ ಪಟ್ಟವನ್ನು ಕೊಟ್ಟರು. ಆ ವಿಲಾತನು ಒಂದು ಸಭೆಯಿಂದ ಮತ್ತೊಂದಕ್ಕೆ ಅಲೆದು, ಕಂಡಕಂಡವರಿಗೆ ಪಟ್ಟವನ್ನಿತ್ತು, ಪಾಶ್ಚಾತ್ಯ ದೇಶಗಳಲ್ಲಿ ಹತ್ತಾರು ಚಿಲ್ಲರೆ ಸಭೆಗಳ ಹುಟ್ಟಿಗೆ ಕಾರಣನಾದನು. ಒಡಕಿನಿಂದ ನೊಂದವರ ಕೈಯಿಂದಲೇ ಒಡಕಿನ ಬೀಜವು ಹೀಗೆ ದೂರ ದೂರಕ್ಕೆ ಚೆಲ್ಲಿಹೋಯಿತು. ಬಾಗಿಲನ್ನು ಮುರಿದು ಹೊರಬಂದವನು ಹಿಂದೆ ಬರುವವರಿಗೆಲ್ಲ ಮುರಿಯುವ ದಾರಿಯನ್ನು ತೋರಿಸಿದಂತೆಯೇ ಆಗುವುದು.

1895ರಲ್ಲಿ ಗೋವೆಯಲ್ಲಿ ಅವರನ್ನು ಬಂಧಿಸಿದರು. ಬಿಷಪ್ಪರ ಉಡುಪನ್ನು ಕಳಚಿಸಿ, ಒಳ ಉಡುಪಿನಲ್ಲಿಯೇ ಪಣಜಿಯ ಬೀದಿಯಲ್ಲಿ ನಡೆಯಿಸಿಕೊಂಡು ಹೋದರೆಂದು ಅವರ ಚರಿತ್ರಕಾರರು ಬರೆದಿರುವರು. ನ್ಯಾಯಾಲಯವು ಅವರನ್ನು ನಿರ್ದೋಷಿಯೆಂದು ಬಿಟ್ಟಿತು. ಆದರೆ ಆ ಬಳಿಕ ಅವರು ಗೋವೆಯಲ್ಲಿ ಬಿಷಪ್ಪರ ವೈಭವದ ವಸ್ತ್ರಗಳನ್ನು ಬಿಟ್ಟು ಸಾಧಾರಣವಾದ ಕಪ್ಪು ನಿಲುವಂಗಿಯನ್ನು ಧರಿಸಿದರು. ನನ್ನ ಅಭಿಪ್ರಾಯದಲ್ಲಿ ಅವರ ಜೀವನದ ಉತ್ತರಾರ್ಧವು ಪ್ರಾರಂಭವಾಗುವುದು ಆ ನಿಲುವಂಗಿಯಿಂದ.

ಏಕೆಂದರೆ ಇಲ್ಲಿಂದ ಮುಂದೆ ಅವರ ಕೆಲಸದ ರೀತಿಯೇ ಬದಲಾಗುತ್ತದೆ. ವಾಂತಿಭೇದಿಯು ಊರೂರುಗಳನ್ನು ಬರಿದುಮಾಡುತ್ತಿದ್ದ ಆ ಕಾಲದಲ್ಲಿ ಅದರ ಚಿಕಿತ್ಸೆಯನ್ನು ಕುರಿತು ಅವರು ಪುಸ್ತಿಕೆಯನ್ನು ಪ್ರಕಟಿಸಿದರು. ಬಡವರು ಬರಗಾಲದಲ್ಲಿ ಬದುಕಿಕೊಳ್ಳಲೆಂದು ಮರಗೆಣಸಿನ ಬೇಸಾಯವನ್ನು ಬೋಧಿಸಿದರು. ಮಕ್ಕಳಿಗೆ ಪಾಠಶಾಲೆಯನ್ನು ನಡೆಯಿಸಿದರು. ಜೀವಿತದ ಕೊನೆಯ ವರ್ಷಗಳಲ್ಲಿ ಪಣಜಿಯ ಹತ್ತಿರದ ರಿಬಂದರಿನಲ್ಲಿ ನೆಲೆಸಿ, ಕುಷ್ಠರೋಗಿಗಳಿಗೂ ದಿಕ್ಕಿಲ್ಲದವರಿಗೂ ತಮ್ಮ ಮನೆಯಲ್ಲೇ ಆಶ್ರಯವನ್ನಿತ್ತರು. ಕೈಯಲ್ಲಿ ಹಣವಿಲ್ಲದಾಗ ಪಣಜಿಯ ಅಂಗಡಿಬೀದಿಯಲ್ಲಿ ಭಿಕ್ಷೆಯೆತ್ತಿದರು. ಒಬ್ಬ ವರ್ತಕನು ಅವರ ಪಾತ್ರೆಯಲ್ಲಿ ಉಗುಳಲು, “ಇದು ನನ್ನ ಪಾಲಿಗಾಯಿತು, ಬಡವರ ಪಾಲನ್ನು ಕೊಡು” ಎಂದರೆಂದು ಒಂದು ಕಥೆಯಿದೆ. ಇಂತಹ ಕಥೆಯು ಬೇರೆ ಸತ್ಪುರುಷರ ವಿಷಯದಲ್ಲಿಯೂ ಪ್ರಚಾರದಲ್ಲಿರುವುದರಿಂದ ಇದನ್ನು ಪ್ರಮಾಣವೆಂದು ನಾನು ಹೇಳಲಾರೆ. ಆದರೆ ಇದನ್ನು ಜನರು ಅವರ ಹೆಸರಿಗೆ ಸೇರಿಸಿದರೆಂಬುದೇ ಅವರನ್ನು ಜನರು ಹೇಗೆ ಕಂಡರೆಂಬುದಕ್ಕೆ ಸಾಕ್ಷಿ.

1923ನೆಯ ಸೆಪ್ಟೆಂಬರ್ 23ರಂದು ರಿಬಂದರಿನ ಆಸ್ಪತ್ರೆಯಲ್ಲಿ ಅವರು ದಿವಂಗತರಾದರು. ರೋಮಿನ ಸಭೆಗೆ ಮರಳಬೇಕೆಂಬ ಒತ್ತಾಯಕ್ಕೆ ಅವರು ಕಡೆಯವರೆಗೂ ಮಣಿಯಲಿಲ್ಲ. ಆದುದರಿಂದ ಪಣಜಿಯ ಸಾಂತ ಇನೇಜ್ ಸ್ಮಶಾನದಲ್ಲಿ, ಇಗರ್ಜಿಯ ಸಂಸ್ಕಾರಗಳಿಲ್ಲದೆ, ಒಂದು ಪಕ್ಕದಲ್ಲಿ ಅವರನ್ನು ಹೂಳಿದರು. ಪಾದ್ರಿಗಳ ಮಂತ್ರವಿರಲಿಲ್ಲ, ಘಂಟಾನಾದವಿರಲಿಲ್ಲ. ಆದರೂ ಊರಿನ ಗಣ್ಯರೂ ಭಿಕ್ಷುಕರೂ ಗುಂಪುಗೂಡಿ ಶವದ ಹಿಂದೆ ನಡೆದರು. ಅವರಲ್ಲಿ ಹೆಚ್ಚಿನವರು ಅವರ ಸಭೆಗೆ ಸೇರಿದವರಲ್ಲ. ಆಮೇಲೆ ಮಿತ್ರರು ಸಮಾಧಿಗೆ ಅಮೃತಶಿಲೆಯ ಫಲಕವನ್ನಿಡಿಸಿದರು. ಬಹುಕಾಲ ಮರೆತುಹೋಗಿದ್ದ ಆ ಸಮಾಧಿಯು 1967ರಲ್ಲಿ ಪುನಃ ಗೊತ್ತಾಗಿ, ಅಸ್ಥಿಗಳು ರಿಬಂದರಿನ ಸೇಂಟ್ ಮೇರಿ ಸಿರಿಯನ್ ಇಗರ್ಜಿಯನ್ನು ಸೇರಿದುವು. ಈಗ ಪ್ರತಿ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಯಾತ್ರಿಕರು ಬರುತ್ತಾರೆ.

ಈ ಜೀವನದಿಂದ ನಾವು ಗ್ರಹಿಸಬೇಕಾದುದೇನು? ಅಧಿಕಾರದ ವಿವಾದದಲ್ಲಿ ಆಲ್ವಾರಿಸರು ಗೆಲ್ಲಲಿಲ್ಲ. ಒಡಂಬಡಿಕೆಯು ರದ್ದಾಗಲಿಲ್ಲ, ಕೊಲಂಬೊ ಪಟ್ಟಣದ ಪಕ್ಷವು ಕ್ರಮೇಣ ಕರಗಿತು, ಸೇರಿದ ಸಭೆಯೂ ಒಡೆಯಿತು. ಹೋದ ಹೋದ ಬಾಗಿಲ ಹಿಂದೆ ಜಗಳವೇ ಕಾದಿದ್ದಿತು. ಕಲಹವಿಲ್ಲದ ಸಭೆಯು ದೊರೆತ ಮೇಲೆ ಧರ್ಮವಾಗಿ ಬಾಳುತ್ತೇನೆಂದು ಅವರು ಕುಳಿತಿದ್ದರೆ ಕುಳಿತೇ ಕಾಲವಾಗುತ್ತಿದ್ದರು. ಅವರು ಕಾಯಲಿಲ್ಲ. ವೈರಾಗ್ಯವು ಅಧಿಕಾರದ ಮೇಲೆ ಬಂದಿತೇ ಹೊರತು ಯೇಸುಸ್ವಾಮಿಯ ಮೇಲಾಗಲಿ ದೀನರ ಮೇಲಾಗಲಿ ಬರಲಿಲ್ಲ. ಕ್ರೈಸ್ತನಾಗಿ ಬಾಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವೆಂಬುದನ್ನು ಅವರು ರಿಬಂದರಿನಲ್ಲಿ ನಡೆದು ತೋರಿಸಿದರು.

ಇದನ್ನು ಅನ್ಯಮತದವರ ದೋಷವೆಂದು ಓದಿ ನಾವು ತೃಪ್ತರಾಗಲಾಗದು. ಪಾಠಶಾಲೆಯಲ್ಲಿ ತರ್ಕವನ್ನು ಓದಿದ ನನ್ನಂಥವರಿಗೆ ತಿಲಕದ ಆಕಾರಕ್ಕಾಗಿ, ಮುದ್ರೆಗಾಗಿ, ಅಗ್ರಪೂಜೆಗಾಗಿ ನಮ್ಮವರು ಹೂಡಿದ ವ್ಯಾಜ್ಯಗಳು ತಿಳಿಯದ ವಿಷಯವಲ್ಲ. ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಾರದವರು ಅದ್ವೈತದ ಮೇಲೆ ವಾಕ್ಯಾರ್ಥ ಮಾಡಿದುದನ್ನು ನಾನು ಚಿಕ್ಕಂದಿನಲ್ಲಿ ಕಣ್ಣಾರೆ ಕಂಡಿರುವೆನು. ಪೀಠಗಳು ದೊಡ್ಡವು, ಅವುಗಳಿಲ್ಲದೆ ವಿದ್ಯೆಯು ಉಳಿಯುತ್ತಿರಲಿಲ್ಲ, ನಿಜ. ಆದರೆ ಪೀಠದ ಹಕ್ಕನ್ನು ಕಾಯುವವರ ಕಣ್ಣಿಗೆ ಪೀಠದ ಮುಂದೆ ನಿಂತ ಹಸಿದವನು ಕಾಣದೆ ಹೋಗುವ ಅಪಾಯವು ಎಲ್ಲ ಮತಗಳಿಗೂ ಒಂದೇ ಆಗಿರುವುದು.

ಅಂದು ಸಂಜೆ ನನ್ನ ಮಿತ್ರರು ಎಲ್ಲವನ್ನೂ ಕೇಳಿ, “ಅವರಿಗೂ ಮಣ್ಣು ಸುಲಭವಾಗಿ ಸಿಕ್ಕಲಿಲ್ಲವಲ್ಲ, ಮೇಷ್ಟ್ರೇ” ಎಂದಷ್ಟೇ ಹೇಳಿ ಎದ್ದುಹೋದರು. ವೇದಿಕೆಯ ಮೇಲೆ ನಿಂತು ಉಪದೇಶ ಮಾಡುವುದನ್ನು ಅವರು ಪುನಃ ಆರಂಭಿಸಲಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ, ಎರಡು ಪಕ್ಷಗಳಲ್ಲಿ ಒಂದಕ್ಕೂ ಸೇರದ, ನಮ್ಮ ಕೇರಿಯ ಒಬ್ಬ ಮುದುಕಿಯು ಹಾಸಿಗೆ ಹಿಡಿದಾಗ, ದಿನವೂ ಛತ್ರಿ ಹಿಡಿದು ಬಂದು ಅವಳಿಗೆ ಗಂಜಿಯನ್ನು ಕುಡಿಸಿ ಹೋಗುತ್ತಿದ್ದವರು ಅವರೇ. ಒಂದು ದಿನ ನಾನು ದಾರಿಯಲ್ಲಿ ನಿಲ್ಲಿಸಿ, “ಉಪದೇಶವನ್ನು ಬಿಟ್ಟಿರೆಂದು ಕೇಳಿದೆನಲ್ಲ?” ಎಂದೆನು. “ಬಾಯಿಂದ ಬಿಟ್ಟಿದ್ದೇನೆ, ಮೇಷ್ಟ್ರೇ” ಎಂದು ನಕ್ಕು, ಮಳೆ ಜೋರಾಗುವುದೆಂದು ಅವಸರವಾಗಿ ನಡೆದರು.