ಬಳಪದ ಕಡತದಿಂದ ಮೊಬೈಲಿನ ಕಡತದವರೆಗೆ

ಹೆಬ್ಬಗೋಡಿಯಲ್ಲಿ ನಮಗೆ ಪರಿಚಯವಿರುವ ಹಿರಿಯರೊಬ್ಬರ ಮನೆಯಲ್ಲಿ ಹಳೆಯ ಟ್ರಂಕ್ ಒಂದಿದೆ. ಅದರ ತುಂಬ ಜಮೀನಿನ ಕಾಗದ: ಕೈಬರಹದ ಪಹಣಿ, ಕಂದಾಯ ರಸೀದಿ, ಕ್ರಯಪತ್ರ, ಭಾಗಪತ್ರದ ನಕಲು. ರಾಗಿ ಬೆಳೆಯುತ್ತಿದ್ದ ಹೊಲಗಳ ಕಡೆ ಈಗ ಕಾರ್ಖಾನೆ, ಬಾಡಿಗೆ ಮನೆ, ಮೆಟ್ರೊ ಕಂಬ ಬಂದಿವೆ. ಉಳಿದಿರುವ ಒಂದು ತುಂಡು ಜಮೀನಿನ ಪಾಲಿನ ಮಾತು ಎದ್ದಾಗ ಟ್ರಂಕ್ ತೆರೆದರು. ಓದುವವರು ಯಾರು? ಪುರುಸೊತ್ತು ಇದ್ದವರಿಗೆ ಆ ಅಕ್ಷರ ತಿಳಿಯದು, ತಿಳಿದವರು ಈಗ ಇಲ್ಲ.

ಕೊನೆಗೆ ಮೊಮ್ಮಗ ಎಲ್ಲವನ್ನೂ ಮೊಬೈಲಿನಲ್ಲಿ ಫೋಟೊ ಹೊಡೆದು, ಪಿಡಿಎಫ್ ಮಾಡಿ, ಒಂದು ಎಐ ಸಹಾಯಕಕ್ಕೆ ಹಾಕಿದ. ನಾವೂ ಪಕ್ಕದಲ್ಲೇ ಕೂತಿದ್ದೆವು. "ಈ ಸರ್ವೆ ನಂಬರಿನಲ್ಲಿ ಮುತ್ತಾತನ ಹೆಸರಿಗೆ ಎಷ್ಟು ಜಮೀನಿತ್ತು?" ಎಂದು ಕನ್ನಡದಲ್ಲೇ ಕೇಳಿದೆವು. ಕ್ಷಣದಲ್ಲಿ ಉತ್ತರ ಬಂತು. ಆ ಉತ್ತರದ ಕಥೆಯನ್ನು ಆಮೇಲೆ ಹೇಳುತ್ತೇವೆ. ಕಡತಕ್ಕೆ ಪ್ರಶ್ನೆ ಕೇಳುವ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಮೊದಲು ಅದನ್ನು ನೋಡೋಣ.

ಫೈಲಿಗೆ ನಾವು ಕಡತ ಎನ್ನುತ್ತೇವೆ. ಮೊದಲಿಗೆ ಕಡತ ಎಂದರೆ ಕಾಗದವಲ್ಲ, ಬಟ್ಟೆ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚುತ್ತಿದ್ದರು. ಸ್ಲೇಟಿನಂಥ ಆ ಕಪ್ಪು ಬಟ್ಟೆಯ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾನೆ. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಧಾರ.

ಊರಿನ ಕಡತ ಇರುತ್ತಿದ್ದದ್ದು ಶಾನುಭೋಗರ ಮನೆಯಲ್ಲಿ. ಯಾರ ಹೊಲ ಎಷ್ಟು, ಕಂದಾಯ ಎಷ್ಟು, ಬಾಕಿ ಎಷ್ಟು, ಎಲ್ಲವೂ ಅಲ್ಲೇ. ಬರಹ ಹಲವು ಕಡೆ ಮೋಡಿ ಅಕ್ಷರದಲ್ಲಿ. ಅಕ್ಷರ ಕಲಿತವನಿಗೂ ಅದನ್ನು ಓದಲು ಬೇರೆಯೇ ಅಭ್ಯಾಸ ಬೇಕು. ಹಾಗಾಗಿ ರೈತ ಕಡತವನ್ನು ನೇರವಾಗಿ ಕೇಳುವಂತಿರಲಿಲ್ಲ, ಶಾನುಭೋಗರನ್ನೇ ಕೇಳಬೇಕಿತ್ತು. ಅವರು ಹೇಳಿದ್ದೇ ಲೆಕ್ಕ. ಅವರಲ್ಲಿ ಒಳ್ಳೆಯವರೂ ಇದ್ದರು, ಅಲ್ಲದವರೂ ಇದ್ದರು. ಹೇಳಿದ್ದು ನಿಜವೇ ಎಂದು ನೋಡಲು ಮಾತ್ರ ರೈತನಿಗೆ ದಾರಿ ಇರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ಇಳಿದ. ಕಾವಲಿ ವೆಂಕಟ ಬೊರಯ್ಯನಂಥ ಸಹಾಯಕರು ಊರೂರಿಗೆ ಹೋಗಿ ಹಳೆಯ ದಾಖಲೆ, ಹಿರಿಯರ ನೆನಪು ಎಲ್ಲವನ್ನೂ ಕೇಳಿ ಬರೆದುಕೊಂಡರು. ಅವೇ ಕೈಫಿಯತ್ತುಗಳು. ಅಲ್ಲಿ ಪ್ರಶ್ನೆ ಕೇಳಿದ್ದು ಆಳುವವರು, ಉತ್ತರ ಹೋದದ್ದೂ ಅವರಿಗೇ.

ವಂಶಪಾರಂಪರ್ಯದ ಶಾನುಭೋಗಿಕೆಯನ್ನು ತೆಗೆಯಲು 1961ರಲ್ಲಿ ಕಾಯ್ದೆ ಬಂತು. 1963ರಿಂದ ಅದು ಜಾರಿಯಾಯಿತು. ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಕೈ ಬದಲಾಯಿತು, ಆದರೆ ರೈತ ಕಾಯುವುದು ನಿಲ್ಲಲಿಲ್ಲ. 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂದು ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಸೇರಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. 2024ರಲ್ಲಿ ಶುರುವಾದ 'ಭೂಸುರಕ್ಷಾ' ಯೋಜನೆಯಲ್ಲಿ ರೆಕಾರ್ಡ್ ರೂಮಿನ ಹಳೆಯ ಕಡತಗಳೂ ಸ್ಕ್ಯಾನ್ ಆಗುತ್ತಿವೆ.

ಈಗ ಕಾಗದ ಕೈಗೆ ಬಂದಿದೆ. ಓದುವ ಕೆಲಸ ಬಾಕಿ. ಅಲ್ಲಿಗೆ ಬಂದದ್ದೇ ಎಐ ಸಹಾಯಕ. ಅದು ಫೋಟೊದಲ್ಲಿರುವ ಅಕ್ಷರಗಳನ್ನು ಗುರುತಿಸುತ್ತದೆ. ಕಡತ ದೊಡ್ಡದಾದರೆ ಸಾಮಾನ್ಯವಾಗಿ ಅದನ್ನು ತುಂಡು ತುಂಡು ಮಾಡಿ, ನಮ್ಮ ಪ್ರಶ್ನೆಗೆ ಹತ್ತಿರದ ತುಂಡುಗಳನ್ನು ಹುಡುಕಿ, ಅವುಗಳ ಮೇಲೆ ಉತ್ತರ ಕಟ್ಟುತ್ತದೆ. ಅಕ್ಷರ ಮಸುಕಾಗಿದ್ದರೆ ಊಹೆ ಮಾಡುತ್ತದೆ. ಊಹೆಯನ್ನೂ ಖಚಿತವಾದ ದನಿಯಲ್ಲೇ ಹೇಳುತ್ತದೆ.

ನಮ್ಮ ಉತ್ತರಕ್ಕೆ ಬರೋಣ. "2.20 ಎಕರೆ, ಅಂದರೆ 2 ಎಕರೆ 8 ಗುಂಟೆ" ಎಂದಿತು. ಹಿರಿಯರು ತಲೆ ಅಲ್ಲಾಡಿಸಿದರು. "ಎರಡೂವರೆ ಎಕರೆ ಅಂತ ನಮ್ಮಪ್ಪ ಹೇಳ್ತಿದ್ದ." ಯಾವ ಪುಟದಲ್ಲಿದೆ ಎಂದು ಕೇಳಿದೆವು. ಪುಟ ತೋರಿಸಿತು. ಪಹಣಿಯಲ್ಲಿ ಬರೆದಿದ್ದದ್ದು 2-20. ಅಂದರೆ 2 ಎಕರೆ 20 ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ ಸರಿಯಾಗಿ ಎರಡೂವರೆ. ಯಂತ್ರ ಅದನ್ನು ಶಾಲೆಯ ದಶಮಾಂಶದಂತೆ ಓದಿತ್ತು. ಒಂದು ಚುಕ್ಕೆಯಲ್ಲಿ 12 ಗುಂಟೆ ಮಾಯ. ಇಂದಿನ ಹೆಬ್ಬಗೋಡಿಯಲ್ಲಿ 12 ಗುಂಟೆ ಎಂದರೆ ಅಣ್ಣತಮ್ಮಂದಿರು ಮಾತು ಬಿಡುವಷ್ಟು ಜಾಗ. ಹಿರಿಯರು ಆ ದಿನ ಎದುರಿಗಿಲ್ಲದಿದ್ದರೆ ತಪ್ಪು ಲೆಕ್ಕವೇ ವಾಟ್ಸಾಪಿನಲ್ಲಿ ಎಲ್ಲ ಮನೆಗೂ ಹೋಗುತ್ತಿತ್ತು.

ಹಾಗಂತ ಯಂತ್ರ ಬೇಡ ಎಂದು ನಾವು ಹೇಳುವುದಿಲ್ಲ. ಅಷ್ಟು ಕಾಗದದಲ್ಲಿ ಆ ಪುಟವನ್ನು ಹುಡುಕಿ ಕೊಟ್ಟದ್ದು ಅದೇ. ಕೇಳುವವರು ಕೆಲವು ಮಾತು ನೆನಪಿಡಿ. ಪ್ರತಿ ಉತ್ತರಕ್ಕೂ ಯಾವ ಪುಟ, ಯಾವ ಸಾಲು ಎಂದು ಕೇಳಿ, ಆ ಪುಟವನ್ನು ನೀವೇ ಕಣ್ಣಾರೆ ನೋಡಿ. ಕಡತದಲ್ಲಿ ಇಲ್ಲದಿದ್ದರೆ ಇಲ್ಲ ಎನ್ನು ಎಂದು ಮೊದಲೇ ಹೇಳಿ. ಎಕರೆ, ಗುಂಟೆ, ಖರಾಬು, ಆಣೆ, ಪೈ ಬಂದ ಕಡೆ ಲೆಕ್ಕವನ್ನು ಕೈಯಲ್ಲೇ ಮಾಡಿ. ಹಾಕಿದ ಕಾಗದ ಯಾವುದೋ ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ, ಆದ್ದರಿಂದ ಆಧಾರ್, ಬ್ಯಾಂಕ್ ನಂಬರ್ ಮುಚ್ಚಿ ಫೋಟೊ ತೆಗೆಯಿರಿ. ಕೋರ್ಟಿಗೆ ಎಐ ಉತ್ತರ ಸಾಲದು, ಕಚೇರಿಯ ದೃಢೀಕೃತ ನಕಲೇ ಬೇಕು.

ಶಾನುಭೋಗರ ಕಾಲದಲ್ಲಿ ಪುಟ ತೋರಿಸಿ ಎಂದು ಕೇಳುವ ಧೈರ್ಯ ನಮ್ಮ ಮುತ್ತಾತಂದಿರಿಗೆ ಇರಲಿಲ್ಲ. ತೋರಿಸಿದ್ದರೂ ಓದಲು ಬರುತ್ತಿರಲಿಲ್ಲ. ಈಗಿನ ಹೊಸ ಶಾನುಭೋಗ ಕೇಳಿದರೆ ಪುಟ ತೋರಿಸುತ್ತಾನೆ, ನಮಗೆ ಓದಲೂ ಬರುತ್ತದೆ. ಕೇಳದೆ ಬಿಟ್ಟರೆ ತಪ್ಪು ನಮ್ಮದೇ. ಆ ಮನೆಯ ಹಿರಿಯರು ಈಗ ಮೊಮ್ಮಗನಿಗೆ ದಿನಕ್ಕೊಂದು ಹಳೆಯ ಪಹಣಿ ಓದಲು ಕಲಿಸುತ್ತಿದ್ದಾರೆ. ನಿಮ್ಮ ಮನೆಯ ಟ್ರಂಕನ್ನೂ ಹಿರಿಯರು ಇರುವಾಗಲೇ ತೆರೆಯಿರಿ.