ಗಾಡಿಯ ಲೈಟು ಕೆಟ್ಟದ್ದು ಮಾಲೀಕನಿಗೇ ಕೊನೆಗೆ ತಿಳಿಯುತ್ತದೆ

ಕುಣಿಕೋಣೂರಿನವರಾದ ನಮಗೆ ಕಾರು ಎಂದರೆ ಹೆಚ್ಚಾಗಿ ರಾತ್ರಿಯ ಗಾಡಿ. ದವಾಖಾನೆಗೆ ಮಿರಜ, ಸಾಂಗಲಿ ಇಲ್ಲವೇ ವಿಜಯಪುರ. ಕಚೇರಿ ಕೆಲಸಕ್ಕೆ ಜತ್ತ. ಮದುವೆ, ಕುಬಸಕ್ಕೆ ಗಡಿಯಾಚೆಯ ಬೀಗರ ಊರು. ಹೋಗುವುದು ಹಗಲಾದರೂ ಊರು ಮುಟ್ಟುವುದು ಕತ್ತಲಾದ ಮೇಲೆ. ಹಾಗಾಗಿ ಕಾರಿನ ಹೊರಗಿನ ಲೈಟುಗಳ ಬಗ್ಗೆ ನಮ್ಮ ಸದಸ್ಯರ ಅನುಭವ ಮತ್ತು ತಿಳಿದಿರಬೇಕಾದ ಮಾಹಿತಿಯನ್ನು ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ನಾವು ಕೂಡಿ ಮಾತಾಡಿದಾಗ ಹೆಚ್ಚಿನವರ ಕಥೆ ಒಂದೇ ಆಗಿತ್ತು. ಲೈಟು ಕೆಟ್ಟದ್ದು ಗೊತ್ತಾದದ್ದು ಬೇರೆಯವರು ಹೇಳಿದಾಗ. ಒಬ್ಬರಿಗೆ ಬಲಗಡೆಯ ಹೆಡ್‌ಲೈಟ್ ಹೋಗಿತ್ತು. ಎದುರು ಬಂದವರು ಇದು ಮೋಟಾರ್ ಸೈಕಲ್ ಎಂದುಕೊಂಡು ರಸ್ತೆಯನ್ನೇ ಬಿಡಲಿಲ್ಲ, ಕೂದಲೆಳೆಯಷ್ಟರಲ್ಲಿ ತಪ್ಪಿತು. ಇನ್ನೊಬ್ಬರ ಎರಡೂ ಬ್ರೇಕ್ ಲೈಟ್ ಹತ್ತುತ್ತಿರಲಿಲ್ಲ. ಎಷ್ಟು ದಿನದಿಂದ ಎಂಬುದು ಅವರಿಗೆ ಇಂದಿಗೂ ತಿಳಿಯದು. ಹಿಂದೆ ಬರುತ್ತಿದ್ದ ಲಾರಿಯವ ಮುಂದೆ ಬಂದು ನಿಲ್ಲಿಸಿ ಬೈದಾಗಲೇ ಇಳಿದು ನೋಡಿದರು. ಮೂರನೆಯವರದು ಹೊಸ ಕಾರು. ಮುಂದೆ ಹಗಲು ಲೈಟ್ ತಾನಾಗಿಯೇ ಉರಿಯುತ್ತಿತ್ತು, ಮೀಟರೂ ಬೆಳಗುತ್ತಿತ್ತು. ಹೆಡ್‌ಲೈಟ್ ಹಾಕಿದ್ದೇನೆ ಎಂದೇ ತಿಳಿದು ಮುಸ್ಸಂಜೆಯಲ್ಲಿ ಬಹಳ ದೂರ ಬಂದರು. ಹಗಲು ಲೈಟ್ ಉರಿದಾಗ ಹಿಂದಿನ ಕೆಂಪು ಲೈಟ್ ಹಲವು ಗಾಡಿಗಳಲ್ಲಿ ಉರಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ.

ನಿಯಮ ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 105ನೆಯ ನಿಯಮದ ಪ್ರಕಾರ, ಸೂರ್ಯ ಮುಳುಗಿದ ಅರ್ಧ ಗಂಟೆಯಿಂದ ಹುಟ್ಟುವ ಅರ್ಧ ಗಂಟೆ ಮೊದಲಿನವರೆಗೆ ಲೈಟು ಉರಿಯುತ್ತಿರಬೇಕು. ಹಿಂದಿನ ಕೆಂಪು ಲೈಟ್ 155 ಮೀಟರ್ ದೂರದಿಂದ ಕಾಣಬೇಕು. ನಂಬರ್ ಪ್ಲೇಟಿನ ಬಿಳಿ ಲೈಟಿನಲ್ಲಿ 15 ಮೀಟರ್ ದೂರದಿಂದ ನಂಬರ್ ಓದಲು ಬರಬೇಕು. 106ನೆಯ ನಿಯಮವು ಮುಂದಿನ ಲೈಟಿನ ಬೆಳಕು ಎದುರಿನವರ ಕಣ್ಣು ಕುಕ್ಕದಂತೆ ಕೆಳಕ್ಕೆ ಬಾಗಿರಬೇಕು ಎನ್ನುತ್ತದೆ.

155 ಮೀಟರ್ ಎಂಬುದಕ್ಕೆ ಅರ್ಥವಿದೆ. ಗಂಟೆಗೆ 60 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಂದರೆ ನಿಂತ ಕಾರನ್ನು ಕಂಡು ವೇಗ ತಗ್ಗಿಸಲು ಹಿಂದಿನವರಿಗೆ ಸುಮಾರು 9 ಸೆಕೆಂಡು ಸಿಗುತ್ತದೆ. ಲೈಟಿಲ್ಲದಿದ್ದರೆ ಅವರ ಹೆಡ್‌ಲೈಟಿಗೆ ನಮ್ಮ ಗಾಡಿ ಕಂಡ ಮೇಲೆ ಉಳಿಯುವುದು ಎರಡು ಮೂರು ಸೆಕೆಂಡು ಮಾತ್ರ.

ಆದರೆ ಇದನ್ನು ನೋಡುವವರು ಯಾರು? ಬಾಡಿಗೆ ಗಾಡಿಗಳು ಆಗಾಗ ಫಿಟ್‌ನೆಸ್ ಪರೀಕ್ಷೆಗೆ ಹೋಗಬೇಕು. ಸ್ವಂತ ಕಾರಿನ ನೋಂದಣಿ ಮಾತ್ರ 15 ವರ್ಷದ್ದು. ನಡುವೆ ಮಾಡಿಸುವ ಹೊಗೆ ತಪಾಸಣೆಯಲ್ಲಿ ಲೈಟು ನೋಡುವುದಿಲ್ಲ. ನಾವೇ ನೋಡಿಕೊಳ್ಳದಿದ್ದರೆ ಅಷ್ಟು ವರ್ಷ ಯಾರೂ ನೋಡದೆ ಹೋಗಬಹುದು.

ಸಾಮಾನ್ಯ ದೋಷಗಳು

1. ಇಂಡಿಕೇಟರ್ ಒಂದು ಕಡೆ ಜೋರಾಗಿ ಟಕಟಕ ಬಡಿದರೆ ಆ ಬದಿಯ ಒಂದು ಬಲ್ಬು ಹೋಗಿದೆ ಎಂದು ತಿಳಿಯಬೇಕು.

2. ಬ್ರೇಕ್ ಒತ್ತಿದಾಗ ಬೇರೆ ಲೈಟ್ ಮಿಣಮಿಣ ಎಂದರೆ, ಇಲ್ಲವೇ ಲೈಟ್ ಮಂಕಾದರೆ, ಹೆಚ್ಚಾಗಿ ಅದು ಅರ್ಥಿಂಗ್ ದೋಷ. ಹೋಲ್ಡರಿನ ತುಕ್ಕು ತೆಗೆಸಿದರೆ ಸರಿಹೋಗುವುದುಂಟು. ಬಲ್ಬು ಬದಲಿಸುವ ಮೊದಲು ಇದನ್ನು ನೋಡಿಸಿ.

3. ಎರಡೂ ಬ್ರೇಕ್ ಲೈಟ್ ಒಟ್ಟಿಗೆ ಹೋದರೆ ಮೊದಲು ಫ್ಯೂಸ್, ಆಮೇಲೆ ಪೆಡಲಿನ ಹತ್ತಿರದ ಸ್ವಿಚ್ ನೋಡಬೇಕು.

4. ಬಿಸಿಲಿಗೆ ಹೆಡ್‌ಲೈಟಿನ ಪ್ಲಾಸ್ಟಿಕ್ ಮುಖ ಹಳದಿಯಾಗುತ್ತದೆ. ನಮ್ಮ ಭಾಗದ ಬಿಸಿಲಿನಲ್ಲಿ ಹೊರಗೆ ನಿಲ್ಲುವ ಗಾಡಿಗೆ ಇದು ತಪ್ಪಿದ್ದಲ್ಲ. ಪಾಲಿಶ್ ಮಾಡಿಸಿದರೆ ಬಹಳಷ್ಟು ಬೆಳಕು ಮರಳುತ್ತದೆ.

5. ಹೊಸ ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಹತ್ತಿದ ಕಡೆ ಗಾಜು ಕಾದು ಬಲ್ಬು ಬೇಗ ಹೋಗುತ್ತದೆ.

ಹೆಚ್ಚು ಬೆಳಕಿನ ಆಸೆ

ಬೆಳಕು ಸಾಲದು ಎಂದು ಹೊರಗಿನ ಬಲ್ಬು ಹಾಕಿಸಿಕೊಂಡವರು ನಮ್ಮಲ್ಲಿ ಅನೇಕರು. ಸಾಮಾನ್ಯ ಹ್ಯಾಲೊಜನ್ ಹೆಡ್‌ಲೈಟ್ ಬಲ್ಬು 60/55 ವ್ಯಾಟಿನದು. ಅದರ ಜಾಗದಲ್ಲಿ 100/90 ವ್ಯಾಟಿನದನ್ನು ಹಾಗೆಯೇ ಹಾಕಿದರೆ ಹೋಲ್ಡರ್ ಕರಗುತ್ತದೆ, ವೈರಿಂಗ್ ಸುಡುತ್ತದೆ. ಹ್ಯಾಲೊಜನ್ ಲೈಟಿನ ಬಟ್ಟಲಿಗೆ ಎಲ್‌ಇಡಿ ಬಲ್ಬು ಹಾಕಿದರೆ ಇನ್ನೊಂದು ತೊಂದರೆ. ಆ ಬಟ್ಟಲು ತಂತಿ ಉರಿಯುವ ಜಾಗದ ಲೆಕ್ಕಕ್ಕೆ ಮಾಡಿದ್ದು. ಬೆಳಕು ಆ ಜಾಗದಿಂದ ಬಾರದಿದ್ದರೆ ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ರಸ್ತೆಯ ಅಂಚಿಗೆ ಸರಿಯಾಗಿ ಬೀಳುವುದಿಲ್ಲ.

ಆ ಅಂಚಿನಲ್ಲಿಯೇ ನಮ್ಮ ಜನ ನಡೆಯುತ್ತಾರೆ. ನಮ್ಮ ತಾಲ್ಲೂಕಿನದೇ ಆದ ಗುಡ್ಡಾಪುರದ ದಾನಮ್ಮದೇವಿಯ ಛಟ್ಟಿ ಅಮಾವಾಸ್ಯೆ ಜಾತ್ರೆಗೆ ಕರ್ನಾಟಕದಿಂದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ, ರಾತ್ರಿಯೂ ನಡೆಯುತ್ತಾರೆ. ಆಗ ಆಕಾಶದಲ್ಲಿ ಚಂದ್ರನೂ ಇರುವುದಿಲ್ಲ. ಅದೇ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ಓಡಾಡುತ್ತವೆ, ಎಷ್ಟೋ ಟ್ರೇಲರಿಗೆ ಹಿಂದೆ ಲೈಟೇ ಇಲ್ಲ. ನಡೆಯುವವರೂ ಟ್ರೇಲರೂ ನಮಗೆ ಕಾಣುವುದು ನಮ್ಮ ಕಾರಿನ ಎಡಗಡೆಯ ಹೆಡ್‌ಲೈಟಿನಲ್ಲಿ. ಅದು ಕೆಟ್ಟಿದ್ದರೆ ನಷ್ಟ ಅವರಿಗೆ ಮೊದಲು.

ದೋಷ ಕಂಪನಿಯದಾದರೆ

ಕೆಲವೊಮ್ಮೆ ತಪ್ಪು ತಯಾರಿಕೆಯಲ್ಲೇ ಇರುತ್ತದೆ. 2020ರ ನವೆಂಬರಿನಲ್ಲಿ ಮಾರುತಿ ಸುಜುಕಿ ಕಂಪನಿ 40,453 ಈಕೊ ಗಾಡಿಗಳನ್ನು ತಪಾಸಣೆಗೆ ಕರೆದಿತ್ತು. ಹೆಡ್‌ಲೈಟಿನ ಮೇಲೆ ಇರಬೇಕಾದ ಮಾನಕ ಚಿಹ್ನೆ ಇಲ್ಲದಿರಬಹುದು ಎಂಬುದು ಕಾರಣ. ಇಂಥ ಕರೆ ನಿಮ್ಮ ಗಾಡಿಗೂ ಇದೆಯೇ ಎಂದು ಶೋರೂಮಿನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಬಹುದು.

ವಾರಂಟಿಯಲ್ಲಿದ್ದೂ ಸರಿಮಾಡಿ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ವಿಜಯಪುರದಲ್ಲಿ ಕೊಂಡಿದ್ದರೂ ನಾವು ಸಾಂಗಲಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಬಿಲ್ಲು, ಸರ್ವಿಸಿನ ಜಾಬ್ ಕಾರ್ಡ್, ದೋಷದ ಫೋಟೊ ಜೋಪಾನವಾಗಿಡಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ.

ಅಮಾವಾಸ್ಯೆಗೊಮ್ಮೆ ನೋಡಿ

ನಮ್ಮಲ್ಲಿ ಬಹಳ ಜನ ಅಮಾವಾಸ್ಯೆಗೆ ಗಾಡಿ ಪೂಜೆ ಮಾಡುತ್ತಾರೆ. ಗಾಡಿ ತೊಳೆದು, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುವ ಆ ಹೊತ್ತಿನಲ್ಲೇ ಐದು ನಿಮಿಷ ಲೈಟು ನೋಡಿದರೆ ತಿಂಗಳಿಗೊಮ್ಮೆ ತಪಾಸಣೆ ತಾನಾಗಿ ಆಗುತ್ತದೆ.

ಮನೆಯವರೊಬ್ಬರನ್ನು ಹಿಂದೆ ನಿಲ್ಲಿಸಿ ಬ್ರೇಕ್, ಹಿಂದಿನ ಲೈಟ್, ಎರಡೂ ಇಂಡಿಕೇಟರ್, ರಿವರ್ಸ್ ಲೈಟ್, ನಂಬರ್ ಪ್ಲೇಟ್ ಲೈಟ್ ಒಂದೊಂದಾಗಿ ಹಾಕಿ ಕೇಳಿ. ಒಬ್ಬರೇ ಇದ್ದರೆ ಗಾಡಿಯ ಹಿಂಭಾಗವನ್ನು ಗೋಡೆಗೆ ಹತ್ತಿರ ತಂದು ಬ್ರೇಕ್ ಒತ್ತಿ. ಗೋಡೆಯ ಮೇಲಿನ ಕೆಂಪು ಬೆಳಕು ಕನ್ನಡಿಯಲ್ಲಿ ಕಾಣುತ್ತದೆ. ಕತ್ತಲಾದ ಮೇಲೆ ಗೋಡೆಯಿಂದ ಐದಾರು ಮೀಟರ್ ದೂರದಲ್ಲಿ ಎದುರಾಗಿ ನಿಲ್ಲಿಸಿ ಡಿಮ್ ಹಾಕಿ ನೋಡಿ. ಎರಡೂ ಬೆಳಕು ಲೈಟಿನ ಎತ್ತರಕ್ಕಿಂತ ತುಸು ಕೆಳಗೆ, ಒಂದೇ ಮಟ್ಟದಲ್ಲಿ ಬೀಳಬೇಕು. ಹಿಂದೆ ಜನ, ಸಾಮಾನು ತುಂಬಿದಾಗ ಗಾಡಿಯ ಮೂತಿ ಮೇಲೇಳುತ್ತದೆ. ಲೈಟ್ ಇಳಿಸುವ ಚಕ್ರವಿದ್ದರೆ 0ಯಿಂದ 2 ಅಥವಾ 3ಕ್ಕೆ ತಿರುಗಿಸಿ. ಒಂದು ಜೊತೆ ಬಲ್ಬು, ನಾಲ್ಕು ಫ್ಯೂಸ್ ಗಾಡಿಯಲ್ಲಿರಲಿ.

ಅರಿಶಿನ ಕುಂಕುಮವನ್ನು ಬಾನೆಟ್ಟಿಗೆ ಹಚ್ಚಿ, ಲೈಟಿನ ಗಾಜಿಗೆ ಬೇಡ. ಮುಂದೆ ಹೋಗುವವರ ಲೈಟು ಕೆಟ್ಟದ್ದು ಕಂಡರೆ ಸುಮ್ಮನಿರಬೇಡಿ. ಮುಂದಿನ ಊರಿನ ಚಹಾದಂಗಡಿಯ ಹತ್ತಿರವಾದರೂ ನಿಲ್ಲಿಸಿ ಹೇಳಿ. ನಮಗೂ ಯಾರೋ ಹಾಗೆ ಹೇಳಿದ್ದರಿಂದಲೇ ತಿಳಿದದ್ದು.