ಹೊಲದಿಂದ ಬಂದ ಬೆಂಕಿ: ಜಮಖಂಡಿ–ಮುಧೋಳ ಸೀಮೆಯ ಉರುವಲಿನ ಚರಿತ್ರೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವೆ ಹಾಗೂ ಅವುಗಳ ಆಚೀಚೆ ಹರಡಿಕೊಂಡಿರುವ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಮಳೆ ಕಡಿಮೆಯಿರುವ ಬಯಲು ಸೀಮೆಗೆ ಸೇರಿದವು. ಮಲೆನಾಡಿನಲ್ಲಿ ಉರುವಲೆಂದರೆ ಕಾಡಿನ ಮರ. ಈ ಸೀಮೆಯಲ್ಲಾದರೋ ಒಲೆಯ ಬೆಂಕಿ ಬಹುಮಟ್ಟಿಗೆ ಹೊಲದಿಂದಲೂ ದನದ ಕೊಟ್ಟಿಗೆಯಿಂದಲೂ ಬಂದಿತು. ಹೀಗಾಗಿ ಇಲ್ಲಿ ಬೆಳೆ ಬದಲಾದಾಗಲೆಲ್ಲ ಉರುವಲು ಬದಲಾಗಿದೆ, ಕಟ್ಟಿಗೆ ಸೀಳುವ ಸಲಕರಣೆಗಳ ಭವಿಷ್ಯವೂ ಅದರೊಂದಿಗೇ ನಿರ್ಧಾರವಾಗಿದೆ.

ಆಡಳಿತದ ದೃಷ್ಟಿಯಿಂದ ಈ ಸೀಮೆ ಒಂದೇ ಕೈಯಲ್ಲಿರಲಿಲ್ಲ. ಬ್ರಿಟಿಷರ ಕಾಲದಲ್ಲಿ ಜಮಖಂಡಿ ಸಂಸ್ಥಾನವನ್ನು ಪಟವರ್ಧನರೂ ಮುಧೋಳ ಸಂಸ್ಥಾನವನ್ನು ಘೋರ್ಪಡೆಯವರೂ ಆಳುತ್ತಿದ್ದರೆ, ಬೀಳಗಿಯು ಬ್ರಿಟಿಷರ ನೇರ ಆಡಳಿತದ ಜಿಲ್ಲೆಗೆ ಸೇರಿತ್ತು. 1878ರ ಭಾರತೀಯ ಅರಣ್ಯ ಕಾಯ್ದೆಯು ಬ್ರಿಟಿಷ್ ಪ್ರದೇಶಗಳಲ್ಲಿ ಕಾಡನ್ನು ಕಾಯ್ದಿಟ್ಟ ಅರಣ್ಯ, ಸಂರಕ್ಷಿತ ಅರಣ್ಯ ಮುಂತಾಗಿ ವಿಂಗಡಿಸಿ, ಕಟ್ಟಿಗೆ ತರುವುದನ್ನು ಪರವಾನಿಗೆಗೆ ಒಳಪಡಿಸಿತು. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು, 1956ರಲ್ಲಿ ಇಡೀ ಸೀಮೆ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿತು. ಆದರೆ ದಿನದ ಅಡುಗೆ ಅರಣ್ಯವನ್ನು ಹೆಚ್ಚು ನೆಚ್ಚಿಕೊಂಡಿರಲಿಲ್ಲವಾದ್ದರಿಂದ, ಒಲೆಯ ಚರಿತ್ರೆಯನ್ನು ಈ ಕಾಯ್ದೆಗಳಿಗಿಂತ ಹೆಚ್ಚಾಗಿ ಒಕ್ಕಲುತನದಲ್ಲಿ ಹುಡುಕಬೇಕಾಗುತ್ತದೆ.

ಜೋಳದ ದಂಟು, ಅಂದರೆ ಕಣಕಿ, ದನಗಳ ಮೇವಾದುದರಿಂದ ಅದನ್ನು ಸುಡುತ್ತಿರಲಿಲ್ಲ. ಕೊಯ್ಲಿನ ನಂತರ ನೆಲದಲ್ಲಿ ಉಳಿಯುವ ಬುಡಭಾಗವಾದ ಕೂಳೆಯನ್ನು ಕಿತ್ತು ಒಣಗಿಸಿ ಒಲೆಗೆ ತರುತ್ತಿದ್ದರು. ಹತ್ತಿ ಮತ್ತು ತೊಗರಿಯ ಗಿಡಗಳನ್ನು ಬೇರುಸಹಿತ ಕಿತ್ತು ಹೊರೆಕಟ್ಟಿ ಹಿತ್ತಲಲ್ಲಿ ಬಣವೆ ಒಟ್ಟುತ್ತಿದ್ದರು. ಸೆಗಣಿಯನ್ನು ತಟ್ಟಿ ಒಣಗಿಸಿದ ಕುಳ್ಳು ಮಳೆಗಾಲದ ಆಸರೆಯಾಗಿತ್ತು. ಈ ಉರುವಲುಗಳ ಗುಣ ಬೇರೆ ಬೇರೆಯಾದುದರಿಂದ ಅವುಗಳ ಬಳಕೆಯೂ ಬೇರೆಯಾಗಿತ್ತು: ಜೋಳದ ರೊಟ್ಟಿಗೆ ಹಂಚಿನ ತುಂಬ ಹರಡುವ ಚುರುಕಾದ ಉರಿ ಬೇಕು, ಅದನ್ನು ಹತ್ತಿ ಕಟ್ಟಿಗೆ ಕೊಡುತ್ತದೆ, ಹಾಲು ಕಾಯಲು ನಿಧಾನವಾದ ಕೆಂಡ ಬೇಕು, ಅದನ್ನು ಕುಳ್ಳು ಕೊಡುತ್ತದೆ. ಹೋಳಿ ಹುಣ್ಣಿಮೆಯ ಕಾಮದಹನಕ್ಕೆ ಹುಡುಗರು ಮನೆಮನೆಯ ಕಟ್ಟಿಗೆ ಮತ್ತು ಕುಳ್ಳನ್ನು ಕದ್ದು ತರುವ ವಾಡಿಕೆ, ಹಿತ್ತಲಿನ ಆ ಬಣವೆ ಮನೆಗೆ ಎಂಥ ಆಸ್ತಿಯಾಗಿತ್ತು ಎಂಬುದನ್ನೂ ತೋರಿಸುತ್ತದೆ. ಕೂಳೆ ಆರಿಸುವುದು, ಹೊರೆ ಹೊರುವುದು, ಕುಳ್ಳು ತಟ್ಟುವುದು ಬಹುತೇಕ ಹೆಣ್ಣುಮಕ್ಕಳ ದುಡಿಮೆಯಾಗಿತ್ತು. ಕೂಲಿಯಿಲ್ಲದ ಈ ದುಡಿಮೆಯ ಮೇಲೆಯೇ ಪ್ರತಿ ಮನೆಯ ಊಟ ನಿಂತಿತ್ತು.

ಕೊಡಲಿಯಿಂದ ಸೀಳಬೇಕಾದ ಮರ ಈ ಸೀಮೆಯಲ್ಲಿ ಮುಖ್ಯವಾಗಿ ಕರಿಜಾಲಿ. ಹೊಲದ ಬದುವಿನಲ್ಲೂ ಹಳ್ಳದ ದಂಡೆಯಲ್ಲೂ ಬೆಳೆಯುವ ಈ ಮರದ ನೇರವಾದ ಭಾಗ ಒಕ್ಕಲುತನದ ಸಲಕರಣೆಗಳಿಗೆ ಹೋದರೆ, ಡೊಂಕು ಕೊಂಬೆಗಳು ಮತ್ತು ಬೊಡ್ಡೆ ಉರುವಲಿಗೆ ಉಳಿಯುತ್ತಿದ್ದವು. ಒಂದು ಕಿಲೋ ಒಣ ಜಾಲಿ ಸುಮಾರು 4,800 ಕಿಲೋ ಕ್ಯಾಲರಿಯಷ್ಟು ಶಾಖ ನೀಡುತ್ತದೆಂದು ಲೆಕ್ಕವಿದೆ. ಆದರೆ ಹಸಿಯಾಗಿದ್ದಾಗ ಈ ಶಾಖದ ಒಂದು ಪಾಲು ಮರದೊಳಗಿನ ನೀರನ್ನು ಆವಿಯಾಗಿಸುವುದಕ್ಕೇ ವ್ಯಯವಾಗುತ್ತದೆ. ತೊಗಟೆ ಮುಚ್ಚಿದ ಇಡೀ ತುಂಡಿನಿಂದ ತೇವ ಸುಲಭವಾಗಿ ಹೊರಬರುವುದಿಲ್ಲವಾದ್ದರಿಂದ ಸೀಳುವುದು ಅನಿವಾರ್ಯವಾಗುತ್ತದೆ. ಕಟ್ಟಿಗೆ ಒಡೆಯುವವರು ಮೊದಲು ಕೊಯ್ದ ಮುಖದಲ್ಲಿ ಒಣಗಿ ಮೂಡಿದ ಬಿರುಕನ್ನು ಗುರುತಿಸಿ, ಅದರಲ್ಲಿ ಕೊಡಲಿಯ ಬಾಯಿ ಕೂರಿಸಿ, ಬಿರುಕು ಅಗಲವಾದ ಮೇಲೆ ಕಬ್ಬಿಣದ ಬೆಣೆಯಿಟ್ಟು ಭಾರದ ಸುತ್ತಿಗೆಯಿಂದ ಹೊಡೆಯುತ್ತಾರೆ. ಕೊಂಬೆ ಒಡೆದ ಜಾಗದ ಗಂಟು ಎದುರಾದರೆ ಅದನ್ನು ಬಿಟ್ಟು ಪಕ್ಕದಿಂದ ಸೀಳುತ್ತಾರೆ.

ಇಂಥ ಸೀಳು ಕಟ್ಟಿಗೆಗೆ ಬೇಡಿಕೆ ಹೆಚ್ಚಿದ್ದುದು ಪೇಟೆಯ ಕಸುಬುಗಳಿಂದ. ರಬಕವಿ-ಬನಹಟ್ಟಿ ನೇಕಾರರ ಊರು. ನೂಲನ್ನು ಕುದಿಸಿ ಬಣ್ಣ ಹಾಕುವುದಕ್ಕೂ, ಹಾಸಿನ ಎಳೆಗಳಿಗೆ ಹಚ್ಚುವ ಗಂಜಿ ಕಾಯಿಸುವುದಕ್ಕೂ ಹೊತ್ತುಗಟ್ಟಲೆ ಒಂದೇ ಸಮನೆ ನಿಲ್ಲುವ ಕಾವು ಬೇಕು. ಭಗ್ಗನೆ ಉರಿದು ಬೂದಿಯಾಗುವ ಹತ್ತಿ ಕಟ್ಟಿಗೆಯಿಂದ ಅದು ಸಾಧ್ಯವಿಲ್ಲ. ಖಾನಾವಳಿ, ಮದುವೆಯ ಅಡುಗೆ ಮತ್ತು ಶವಸಂಸ್ಕಾರಗಳಿಗೂ ದಪ್ಪ ಕಟ್ಟಿಗೆಯೇ ಬೇಕಾಗಿದ್ದರಿಂದ, ತೂಕದ ಮೇಲೆ ಮಾರುವ ಕಟ್ಟಿಗೆ ಅಡ್ಡೆಗಳೂ ಕೂಲಿಗೆ ಒಡೆಯುವವರೂ ಪೇಟೆಯ ಬದುಕಿನ ಭಾಗವಾದರು. ಇದಕ್ಕೆ ವ್ಯತಿರಿಕ್ತವಾಗಿ, ಮಹಾಲಿಂಗಪುರದ ಪೇಟೆಗೆ ಹೆಸರು ತಂದ ಬೆಲ್ಲದ ಉದ್ಯಮವು ತನ್ನ ಉರುವಲನ್ನು ತಾನೇ ಒದಗಿಸಿಕೊಂಡಿತು: ಗಾಣದಲ್ಲಿ ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆಯನ್ನು ಬಿಸಿಲಿಗೆ ಹರವಿ, ಅದನ್ನೇ ಒಲೆಗೆ ಒತ್ತಿ ಅದೇ ರಸವನ್ನು ಬೆಲ್ಲವಾಗಿಸುತ್ತಾರೆ.

ಘಟಪ್ರಭಾ ಯೋಜನೆಯ ಕಾಲುವೆಗಳು ಮತ್ತು ಕೃಷ್ಣಾ ದಂಡೆಯ ಏತ ನೀರಾವರಿ ಹೊಲವೇ ಒಲೆಗೆ ಉರುವಲು ಕೊಡುವ ಏರ್ಪಾಟನ್ನು ಬುಡಮೇಲು ಮಾಡಿದವು. ಜೋಳ ಮತ್ತು ಹತ್ತಿಯ ನೆಲವನ್ನು ಕಬ್ಬು ಆವರಿಸಿದಂತೆ ಹತ್ತಿ ಕಟ್ಟಿಗೆಯ ಬಣವೆಗಳು ಕುಗ್ಗಿದವು. ಕಬ್ಬಿನ ಒಣ ಎಲೆಯಾದ ರವದಿ ಕ್ಷಣದಲ್ಲಿ ಉರಿದುಹೋಗುವುದರಿಂದ ಅದು ಒಲೆಗೆ ಸರಿಯಾದ ಬದಲಿಯಾಗಲಿಲ್ಲ. ಸಕ್ಕರೆ ಕಾರ್ಖಾನೆಗೆ ಹೋದ ಕಬ್ಬಿನ ಸಿಪ್ಪೆ ಅಲ್ಲಿಯೇ ಬಾಯ್ಲರಿನಲ್ಲಿ ಉರಿದು ಉಗಿಯೂ ವಿದ್ಯುತ್ತೂ ಆಯಿತು. ಈ ಕೊರತೆಯನ್ನು ಬಳ್ಳಾರಿ ಜಾಲಿ ಒಂದಿಷ್ಟು ತುಂಬಿತು. ಮೆಕ್ಸಿಕೋ ಮತ್ತು ದಕ್ಷಿಣ ಅಮೆರಿಕದ ಕಡೆಯ ಈ ಮುಳ್ಳುಮರದ ಬೀಜವನ್ನು ಉರುವಲಿನ ಅಭಾವ ನೀಗಿಸಲೆಂದೇ 1877ರ ಸುಮಾರಿಗೆ ಜಮೈಕಾದಿಂದ ತರಿಸಿ ಕಡಪಾ ಜಿಲ್ಲೆಯಲ್ಲಿ ಬಿತ್ತಲಾಗಿತ್ತು. ಅದು ಮುಂದೆ ದಖ್ಖನದ ಪಾಳು ನೆಲಗಳಿಗೆಲ್ಲ ಹಬ್ಬಿತು. ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ ಹರಡಿರುವ ಯಡಹಳ್ಳಿಯ ಕುರುಚಲು ಕಾಡು 2016ರಲ್ಲಿ ಚಿಂಕಾರ ವನ್ಯಜೀವಿಧಾಮವಾದುದರಿಂದ ಅಲ್ಲಿಂದ ಕಟ್ಟಿಗೆ ತರುವುದಕ್ಕೂ ತಡೆ ಬಿತ್ತು.

ಒಲೆಯನ್ನೇ ಸುಧಾರಿಸುವ ಪ್ರಯತ್ನವೂ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಹೊಗೆಕೊಳವೆಯ ಅಸ್ತ್ರ ಒಲೆ ಕಡಿಮೆ ಕಟ್ಟಿಗೆಯಲ್ಲಿ ಅಡುಗೆ ಮುಗಿಸುವಂತಿತ್ತು. ಆದರೆ ಅದರ ಕಿರಿದಾದ ಬಾಯಿಗೆ ಸಣ್ಣಗೆ ಸೀಳಿದ ಕಟ್ಟಿಗೆ ಬೇಕಾದುದರಿಂದ ಸೀಳುವ ಕೆಲಸ ಮತ್ತಷ್ಟು ಹೆಚ್ಚಿತು. 2016ರ ಮೇ 1ರಂದು ಆರಂಭವಾದ ಉಜ್ವಲ ಯೋಜನೆ ಬಡ ಕುಟುಂಬಗಳ ಅಡುಗೆಮನೆಗೂ ಗ್ಯಾಸನ್ನು ತಂದಿತಾದರೂ, ಜಳಕದ ನೀರಿಗೂ ರೊಟ್ಟಿಗೂ ಕಟ್ಟಿಗೆ ಉರಿಸುವುದು ಹಳ್ಳಿಗಳಲ್ಲಿ ನಿಂತಿಲ್ಲ.

ಎಣ್ಣೆಯ ಒತ್ತಡದಿಂದ ಬೆಣೆ ನುಗ್ಗಿಸಿ ಕಟ್ಟಿಗೆ ಸೀಳುವ ಹೈಡ್ರಾಲಿಕ್ ಯಂತ್ರವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬ ಪಾಸ್ಕಲನ ನಿಯಮವನ್ನು ಆಧರಿಸಿ 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಒತ್ತುಯಂತ್ರಕ್ಕೆ ಪೇಟೆಂಟ್ ಪಡೆದನು. ಅದೇ ತತ್ತ್ವದಂತೆ, 10 ಸೆಂಟಿಮೀಟರ್ ವ್ಯಾಸದ ಸಿಲಿಂಡರಿಗೆ ಪ್ರತಿ ಚದರ ಸೆಂಟಿಮೀಟರಿಗೆ 200 ಕಿಲೋ ಒತ್ತಡದಲ್ಲಿ ಎಣ್ಣೆ ನುಗ್ಗಿದರೆ ಬೆಣೆಯ ಮೇಲೆ 15 ಟನ್ನಿಗೂ ಮಿಕ್ಕಿದ ಬಲ ಬೀಳುತ್ತದೆ, ಜಾಲಿಯ ಗಂಟು ಕೂಡ ಅದಕ್ಕೆ ಮಣಿಯುತ್ತದೆ. ಟ್ರ್ಯಾಕ್ಟರಿನಲ್ಲಿ ನೇಗಿಲು ಎತ್ತುವ, ಟ್ರೇಲರ್ ಸುರಿಯುವ ಹೈಡ್ರಾಲಿಕ್ ಶಕ್ತಿ ಈ ಸೀಮೆಯ ರೈತನಿಗೆ ಹೊಸದಲ್ಲ. ಆದರೂ ಚಳಿಗಾಲವಿಡೀ ಮನೆ ಬೆಚ್ಚಗಿಡಲು ದಪ್ಪ ಮರ ಸುಡುವ ಶೀತ ದೇಶಗಳಲ್ಲಿ ಮನೆಬಳಕೆಗೆ ಒಪ್ಪುವ ಈ ಯಂತ್ರ, ಕೂಳೆಯೂ ಹತ್ತಿ ಕಟ್ಟಿಗೆಯೂ ಉರಿಯುವ ಮನೆಗೆ ಅಷ್ಟಾಗಿ ಒದಗದು. ಅದು ಸಲ್ಲುವ ಜಾಗ ಕಟ್ಟಿಗೆ ಅಡ್ಡೆ ಮತ್ತು ಬಣ್ಣದ ಮನೆ. ಅಲ್ಲಿ ಅದು ದಿನವಿಡೀ ಸುತ್ತಿಗೆ ಎತ್ತುವವನ ಬೆನ್ನಿನ ಭಾರವನ್ನು ನಿಜವಾಗಿಯೂ ಇಳಿಸಬಲ್ಲದು.

ಆದರೆ ಮನೆಯ ಉರುವಲಿನ ಹೊರೆ ಇದ್ದುದು ಸೀಳುವುದಕ್ಕಿಂತ ಆರಿಸುವುದರಲ್ಲಿ, ಹೊರುವುದರಲ್ಲಿ, ತಟ್ಟುವುದರಲ್ಲಿ. ಅದನ್ನು ಹೊತ್ತವರು ಹೆಣ್ಣುಮಕ್ಕಳು. ಅರಣ್ಯದ ಕಡತಗಳಲ್ಲಾಗಲಿ ಯಂತ್ರಗಳ ಚರಿತ್ರೆಯಲ್ಲಾಗಲಿ ಈ ದುಡಿಮೆಗೆ ಪುಟ ಸಿಕ್ಕಿಲ್ಲ. ಈ ಸೀಮೆಯ ಒಕ್ಕಲುತನದ ಚರಿತ್ರೆಯನ್ನು ಬರೆಯುವವರು ಬೆಳೆಯ ಲೆಕ್ಕದ ಪಕ್ಕದಲ್ಲಿಯೇ ಅದನ್ನು ಬರೆಯಬೇಕು.